ಬಾಗಿಲು ಹಾಕದ ಮನೆಯ ಬೆಲ್ಲು

ನನ್ನ ಅತ್ತೆಯ ಮನೆಗೆ ಬಾಗಿಲು ಇತ್ತು. ಹಲಸಿನ ಮರದ್ದು, ಗಟ್ಟಿಮುಟ್ಟಾದದ್ದು. ಆದರೆ ಅದನ್ನು ಹಾಕುವಂತಿರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ದಿನ, ನೆಂಟರಿಷ್ಟರೆಲ್ಲ ಹೊರಟುಹೋದ ಮೇಲೆ, ಭಾರದ ಸೀರೆ ಬದಲಾಯಿಸೋಣವೆಂದು ನಾನು ಬಾಗಿಲನ್ನು ಮುಂದಕ್ಕೆ ಎಳೆದೆ. ಅತ್ತೆ ಅಡುಗೆಮನೆಯಿಂದ ಓಡಿಬಂದು ನನ್ನ ಕೈ ಹಿಡಿದುಕೊಂಡರು. "ಬೇಡ ಕಣವ್ವ, ನಂಜಿ ಬರ್ಬೇಕು" ಎಂದರು. ಯಾರೋ ಹತ್ತಿರದವರು ದಿಬ್ಬಣದಲ್ಲಿ ಹಿಂದೆ ಉಳಿದಿರಬೇಕು ಎಂದುಕೊಂಡು ನಾನು ಸೀರೆ ಹಿಡಿದುಕೊಂಡು ಬಚ್ಚಲುಮನೆಗೆ ಹೋದೆ. ನಂಜಿ ಆವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ. ನನ್ನ ಬೈತಲೆಯಲ್ಲಿ ಬಿಳಿಕೂದಲು ಇಣುಕುವ ಕಾಲ ಬಂದರೂ ಬರಲಿಲ್ಲ. ಬಾಗಿಲು ಮಾತ್ರ ತೆರೆದೇ ಇತ್ತು.

ನಾನು ಹುಟ್ಟಿ ಬೆಳೆದ ಊರಿನಲ್ಲಿ ಯಾರಾದರೂ ಕದ ಬಡಿದರೆ ಬಡಿದವರು ಕದದ ಆಚೆಗೇ ಇರುತ್ತಿದ್ದರು. ಇಲ್ಲಿ ಹಾಗಲ್ಲ. ಇಲ್ಲಿ ಸದ್ದು ಮೊದಲು ಬರುತ್ತದೆ, ಮನುಷ್ಯರು ಆಮೇಲೆ ಬರುತ್ತಾರೆ. ಹಾಲಿನವನ ಸದ್ದು ಅವನಿನ್ನೂ ಎಮ್ಮೆಯ ಕೆಚ್ಚಲು ತೊಳೆಯುತ್ತಿರುವಾಗಲೇ ಬಂದುಬಿಡುತ್ತದೆ. ಎದುರುಮನೆಯ ಈರಣ್ಣನದು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಷ್ಟು ಹೊತ್ತು ಮುಂಚೆ. ನನ್ನ ಅಮ್ಮ ಬಸ್ಸು ಹತ್ತಿ ನನ್ನನ್ನು ನೋಡಲು ಬರುವಾಗ ಅವಳ ಸದ್ದು ಹಿಂದಿನ ದಿನವೇ ಕೇಳುತ್ತದೆ. ನಾನು ಅವಳಿಗಿಷ್ಟವೆಂದು ಅವರೆಕಾಳು ನೆನೆಹಾಕುತ್ತೇನೆ. ಒಬ್ಬೊಬ್ಬರ ಬಡಿತ ಒಂದೊಂದು ಥರ. ಬೇರೆ ಊರಿನವರು ಮುಖ ನೋಡಿ ಗುರುತು ಹಿಡಿದರೆ ಇಲ್ಲಿಯವರು ಸದ್ದು ಕೇಳಿಯೇ ಹಿಡಿಯುತ್ತಾರೆ. "ಸಂಜೆಗೆ ಚಿಕ್ಕಪ್ಪ ಬರ್ತಾರೆ, ಅಕ್ಕಿಗೆ ಇನ್ನೊಂದು ಹಿಡಿ ಹಾಕು" ಎನ್ನುವುದು ಇಲ್ಲಿ ಮಾಮೂಲಿ ಮಾತು.

ಆದರೆ ಇದಕ್ಕೊಂದು ತೊಡಕಿದೆ. ಸದ್ದು ಮೊದಲೇ ಬಂದುಹೋಗಿರುವುದರಿಂದ, ಮನುಷ್ಯ ಬಂದು ನಿಜವಾಗಿ ಬಡಿಯುವಾಗ ಚೂರೂ ಸದ್ದಾಗುವುದಿಲ್ಲ. ಗೆಣ್ಣು ಸವೆಯುವ ಹಾಗೆ ಬಡಿದರೂ ಒಳಗಿದ್ದವರಿಗೆ ಕೇಳಿಸದು. ಹೊರಗೆ ನಿಂತು ಹೆಸರು ಹಿಡಿದು ಕೂಗುವುದು ಇಲ್ಲಿ ಮರ್ಯಾದೆಯಲ್ಲ. ಹಾಗಾಗಿ ಸದ್ದು ಕೇಳಿದ ಮನೆಯವರು ಎದ್ದುಹೋಗಿ ಬಾಗಿಲು ತೆರೆದಿಡಬೇಕು, ಬರುವವರು ಬರುವ ತನಕ ಹಾಕಬಾರದು. ಇಷ್ಟೇ ನಿಯಮ. ಈ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಕಳ್ಳ ಎನ್ನುತ್ತಾರೆ, ಸುಳ್ಳ ಎನ್ನುತ್ತಾರೆ, ಮರುದಿನ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. ಆದರೆ ಸದ್ದು ಕೇಳಿಯೂ ಬಾಗಿಲು ಹಾಕಿದವರನ್ನು ಮಾತ್ರ ಮರೆಯುವುದಿಲ್ಲ.

ನನ್ನ ಅತ್ತೆ ದಾಕ್ಷಾಯಣಮ್ಮ ಒಮ್ಮೆ ಹಾಗೆ ಮಾಡಿದ್ದರು.

ಇದನ್ನು ನನಗೆ ಹೇಳಿದವರು ನನ್ನ ಗಂಡ ಷಡಕ್ಷರಿ. ನಂಜವ್ವ ಅತ್ತೆಯ ಬಾಲ್ಯದ ಗೆಳತಿ. ಇಬ್ಬರೂ ಈ ಊರಿನ ಒಂದೇ ಬೀದಿಯಲ್ಲಿ ಹುಟ್ಟಿ, ಇದೇ ಊರಿನ ಎರಡು ಮನೆಗಳಿಗೆ ಸೊಸೆಯಂದಿರಾಗಿ ಬಂದವರು. ನಂಜವ್ವ ನಿಧಾನಸ್ಥೆ. ಅವಳ ಸದ್ದು ಬೆಳಿಗ್ಗೆ ಬಂದರೆ ಅವಳು ಮಧ್ಯಾಹ್ನ ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕವರ ಜೊತೆಯೆಲ್ಲ ಮಾತಾಡಿಕೊಂಡು, ಸೊಪ್ಪು ಬಿಡಿಸಿಕೊಂಡು ಬರುವವಳು. ಅತ್ತೆ ಅಷ್ಟೂ ಹೊತ್ತು ಬಾಗಿಲು ತೆರೆದುಕೊಂಡು ಕಾಯಬೇಕು. ಒಂದು ದಿನ ನಂಜವ್ವನ ಸದ್ದು ಬಂತು. ಆವತ್ತೇ ಊರಾಚೆಯ ಟೆಂಟಿನಲ್ಲಿ ಹೊಸ ಪಿಕ್ಚರು. ಅತ್ತೆ ಕಾದರು, ಕಾದರು, ಕೊನೆಗೆ ಸಿಟ್ಟು ಬಂದು, "ಇವಳಿಗೆ ಕಾಯ್ತಾ ಕೂತ್ರೆ ನನ್ನ ಜನ್ಮ ಮುಗಿಯುತ್ತೆ" ಎಂದು ಬೀಗ ಹಾಕಿಕೊಂಡು ಹೊರಟುಬಿಟ್ಟರು. ನಂಜವ್ವ ಬಂದಳು. ಬೀಗ ಕಂಡಳು. ತುಂಬಾ ಹೊತ್ತು ಜಗಲಿಯ ಮೇಲೆ ಕೂತಿದ್ದಳಂತೆ. "ಪಿಕ್ಚರಿಗೆ ಹೋದ್ರು ಕಣವ್ವ" ಎಂದು ಈರಣ್ಣನ ತಾಯಿಯೇ ಹೇಳಬೇಕಾಯಿತಂತೆ. ಮರುದಿನ ಬೆಳಿಗ್ಗೆ ನಂಜವ್ವನ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವಳ ಗಂಡನಿಗೆ ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹಿಂದಿನ ದಿನ ಅವಳು ಬಂದಿದ್ದು ಹೋಗಿಬರುತ್ತೇನೆ ಎಂದು ಹೇಳುವುದಕ್ಕೆ.

ಅದಾಗಿ ವರ್ಷಗಳು ಕಳೆದ ಮೇಲೆ, ಷಡಕ್ಷರಿಗೆ ಮೀಸೆ ಮೂಡುವ ಕಾಲದಲ್ಲಿ, ನಂಜವ್ವನ ಸದ್ದು ಮತ್ತೆ ಬಂತು. ಉಂಗುರದ ಬೆರಳಿನಿಂದ ಟಕ್, ಟಕ್, ಟಕ್. ಕೊನೆಗೆ ಅಂಗೈಯಿಂದ ಒಂದು ಧಬ್. ಅತ್ತೆ ರಾಗಿ ಬೀಸುತ್ತಿದ್ದವರು ಎದ್ದುಬಂದು ಎರಡೂ ಕದಗಳನ್ನು ಗೋಡೆಗೆ ತಾಗುವವರೆಗೆ ತೆರೆದರು. ಆವತ್ತು ತೆರೆದ ಬಾಗಿಲು. ರಾತ್ರಿಯೂ ಹೊಸಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುವರು. ಮನೆಮಂದಿಯೆಲ್ಲ ಒಟ್ಟಿಗೆ ಎಲ್ಲಿಗೂ ಹೋಗುವಂತಿಲ್ಲ, ಯಾರಾದರೊಬ್ಬರು ಇರಲೇಬೇಕು. ಮಾವ ತೀರಿಕೊಂಡಾಗಲೂ ಅತ್ತೆ ಒಳಗೆ ಅಳುತ್ತ ಒಂದು ಕಣ್ಣು ಬಾಗಿಲ ಮೇಲಿಟ್ಟಿದ್ದರಂತೆ. "ಹೋಗಿ ಕರ್ಕೊಂಡ್ ಬರೋಣ್ವಾ ಅತ್ತೆ? ಕಾರ್ಖಾನೆ ಊರು ಯಾವ್ದು ಅಂತ ವಿಚಾರಿಸಿದ್ರೆ ಗೊತ್ತಾಗುತ್ತೆ" ಎಂದು ನಾನೊಮ್ಮೆ ಕೇಳಿದ್ದೆ. "ಸದ್ದು ಬಂದಿದೆಯಲ್ಲ, ಬರ್ತಾಳೆ. ಕರೆಯೋಕೆ ಹೋದ್ರೆ ಅವಳ ಸದ್ದಿನ ಮೇಲೆ ನಂಗೆ ನಂಬಿಕೆ ಇಲ್ಲ ಅಂದಂಗಾಗುತ್ತೆ" ಎಂದರು. ಮಾತಾಡುತ್ತ ಮಾತಾಡುತ್ತ ಅವರ ಬೆರಳು ಒರಳಿನ ಅಂಚಿನ ಮೇಲೆ ತಾನಾಗಿಯೇ ಟಕ್, ಟಕ್, ಟಕ್, ಧಬ್ ಎಂದಿತು. ಆ ಬಡಿತವನ್ನು ಅತ್ತೆ ಹಿಟ್ಟಿನ ಡಬ್ಬದ ಮೇಲೆ, ಮಣೆಯ ಮೇಲೆ, ಒಮ್ಮೊಮ್ಮೆ ನನ್ನ ಬೆನ್ನಿನ ಮೇಲೂ ಬಡಿದಿದ್ದಾರೆ. ನಂಜವ್ವನನ್ನು ಒಮ್ಮೆಯೂ ನೋಡದ ನನಗೆ ಅವಳ ಕೈ ಚೆನ್ನಾಗಿ ಗೊತ್ತಿತ್ತು.

ಇದೆಲ್ಲ ಕೇಳಲು ಚೆಂದ. ಬಾಳುವುದು ಕಷ್ಟ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಜಾರದಲ್ಲಿ ಮಷಿನ್ ಇಟ್ಟುಕೊಂಡರೆ ಬೀದಿಯ ಧೂಳೆಲ್ಲ ರೇಷ್ಮೆಯ ಮೇಲೆ. ಒಳಕೋಣೆಯಲ್ಲಿ ಇಟ್ಟರೆ ಬೆಳಕಿಲ್ಲ. ಕೋಳಿಗಳು ಬಂದು ಕತ್ತರಿಸಿದ ಬಟ್ಟೆಯ ಮೇಲೆ ಕಾಲಾಡಿಸಿ ಹೋಗುತ್ತಿದ್ದವು. ಈರಣ್ಣನ ಕಂದು ಮೇಕೆಗಂತೂ ನಮ್ಮ ಮನೆ ತವರುಮನೆ ಇದ್ದಂತೆ. ಅದು ದೇವರ ಮುಂದಿನ ಹೂವಿನಿಂದ ಶುರುಮಾಡಿ ಕ್ಯಾಲೆಂಡರಿನವರೆಗೆ ಎಲ್ಲವನ್ನೂ ರುಚಿ ನೋಡಿತ್ತು. ಕೊನೆಗೆ ಅದು ಒಬ್ಬ ಮದುಮಗಳ ಬ್ಲೌಸಿನ ತೋಳನ್ನು, ಮುತ್ತು ಪೋಣಿಸಿದ ತೋಳನ್ನು, ಅಗಿದು ನುಂಗಿದ ದಿನ ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಮೇಕೆಗೆ ಬೈದರು, ಈರಣ್ಣನಿಗೆ ಬೈದರು, ನನ್ನ ಕಣ್ಣೊರೆಸಿದರು. ಬಾಗಿಲು ಹಾಕೋಣ ಎಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅತ್ತೆ ಒಳ್ಳೆಯವರಾಗಿದ್ದರೆ ಸೊಸೆಗೆ ಜಗಳವಾಡುವ ಸುಖವೂ ಇಲ್ಲ.

ಅದೇ ದಿನಗಳಲ್ಲಿ ನಮ್ಮ ಬೀದಿಗೆ ಇಂಟರ್ನೆಟ್ಟಿನ ಕೇಬಲ್ ಬಂತು. ಷಡಕ್ಷರಿ ತಮ್ಮ ಸ್ಕೂಟರ್ ರಿಪೇರಿ ಅಂಗಡಿಯಿಂದ ಬಂದವರೇ ಕ್ರಿಕೆಟ್ ನೋಡಲು ಅನುಕೂಲವೆಂದು ಕನೆಕ್ಷನ್ ಹಾಕಿಸಿದರು. ಮೂರು ಕೊಂಬಿನ ಬಿಳಿ ಪೆಟ್ಟಿಗೆ ದೇವರ ಗೂಡಿನ ಪಕ್ಕದ ಮೊಳೆಗೆ ನೇತುಬಿದ್ದು ಮಿಣಮಿಣ ಅನ್ನತೊಡಗಿತು. ಕ್ರಿಕೆಟ್ಟಿನ ನಡುವೆ ಬಂದ ಒಂದು ಜಾಹೀರಾತಿನಲ್ಲಿ ನಾನು ಆ ಬೆಲ್ಲನ್ನು ಕಂಡೆ. ಕಣ್ಣಿರುವ ಕಾಲಿಂಗ್ ಬೆಲ್ಲು. ಬಾಗಿಲಲ್ಲಿ ಯಾರು ನಿಂತರೂ ಫೋನಿನಲ್ಲಿ ಅವರ ಚಿತ್ರ ಬರುತ್ತದೆ, ಒಳಗಿನಿಂದಲೇ ಅವರ ಜೊತೆ ಮಾತಾಡಬಹುದು. ನಮ್ಮ ಮನೆಗೆ ಬೇಕಾಗಿದ್ದದ್ದು ಇದೇ ಅಲ್ಲವೇ?

ಅತ್ತೆಗೆ ಹೇಳುವ ಧೈರ್ಯ ಬರಲು ಸ್ವಲ್ಪ ದಿನ ಹಿಡಿಯಿತು. ಅವರು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾಗ ಹತ್ತಿರ ಕೂತು ನಾನೂ ಬೀಜ ತೆಗೆಯುತ್ತ ವಿಷಯ ತೆಗೆದೆ. ಅವರು ಎಲ್ಲ ಕೇಳಿದರು.

"ಅಂದ್ರೆ ಬಾಗಿಲು ಹಾಕ್ಬೇಕು."

"ಹಾಕ್ಬಹುದು ಅತ್ತೆ. ಯಾರ್ ಬಂದ್ರೂ ಗೊತ್ತಾಗುತ್ತೆ. ಹಗಲು ಮಾತ್ರ ಹಾಕೋಣ, ನಾನು ಹೊಲಿಯೋ ಹೊತ್ತು."

"ನಂಜಿ ಅದನ್ನ ಒತ್ತೋದಿಲ್ಲ. ಅವಳಿಗೆ ಅದು ಏನಂತ ಗೊತ್ತಾಗುತ್ತೆ? ಕದಾನೇ ಬಡೀತಾಳೆ. ಬಡಿದ್ರೆ ಸದ್ದು ಬರೋದಿಲ್ಲ. ಸದ್ದು ಬಂದಾಗಿದೆ."

"ಒತ್ತದೇ ಇದ್ರೂ ಕಾಣಿಸ್ತಾರೆ. ಅದ್ರ ಮುಂದೆ ನಿಂತ್ರೆ ಸಾಕು."

ಅತ್ತೆ ಒಂದು ಬೀಜವನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ಉರುಳಿಸಿದರು. "ಒಂದ್ಸಲ ಅವಳ ಮುಖಕ್ಕೆ ಬೀಗ ತೋರಿಸಿದೀನಿ ಪ್ರಭಾ. ಇನ್ನೊಂದ್ಸಲ ತೋರಿಸಿದ್ರೆ ನಾನು ಸತ್ರೂ ನಂಗೆ ನೆಮ್ಮದಿ ಇರಕ್ಕಿಲ್ಲ" ಎಂದರು. ನನಗೆ ಮಾತು ಹಿಂದಕ್ಕೆ ತೆಗೆದುಕೊಳ್ಳೋಣವೆನಿಸಿತು. ಅಷ್ಟರಲ್ಲಿ ಅವರೇ ಸೆರಗಿನಿಂದ ಮೂಗೊರೆಸಿಕೊಂಡು, "ಆ ಮದುಮಗಳ ತೋಳು ನಂಗೂ ಕಣ್ಣಲ್ಲೇ ಐತೆ. ಹಾಕ್ಸು. ಆದ್ರೆ ಅದು ನೆಟ್ಟಗೆ ಕೆಲ್ಸ ಮಾಡೋದನ್ನ ನನ್ನ ಕಣ್ಣಾರೆ ನೋಡಿದ ಮೇಲೇನೇ ಬಾಗಿಲು" ಎಂದರು. ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆಯ ಭಾರವೆಲ್ಲ ಈಗ ನನ್ನ ತಲೆಯ ಮೇಲೆ ಬಂದಿತ್ತು.

ಬೆಲ್ಲು ಬಂತು. ಅಂಗೈ ಉದ್ದದ ಕಪ್ಪು ಪಟ್ಟಿ, ಕೆಳಗೆ ಗುಂಡನೆಯ ಗುಂಡಿ. ಷಡಕ್ಷರಿ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದರು. ಅವರು ಕೈತೊಳೆದು ಬರುವಷ್ಟರಲ್ಲಿ ಅತ್ತೆ ಹೊಸ ವಸ್ತುವಿಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿ ಮುಗಿಸಿದ್ದರು: ನೀರಿನಲ್ಲಿ ಕಲಸಿದ ವಿಭೂತಿಯಿಂದ ಮೂರು ಬೆರಳಿನ ಅಡ್ಡಪಟ್ಟೆ, ಮೇಲೊಂದು ದಾಸವಾಳದ ಹೂ. ಬೆಲ್ಲು ಪುಟ್ಟ ಶರಣನಂತೆ ಕಾಣುತ್ತಿತ್ತು. ಹೂವನ್ನು ಮೇಕೆ ತಿಂದಿತು.

ಇನ್ನು ಅದನ್ನು ಹೊಸ ವೈಫೈಗೆ ಸೇರಿಸಬೇಕು. ಷಡಕ್ಷರಿ, "ಒಂದು ನಿಮಿಷದ ಕೆಲಸ" ಎಂದು ನನ್ನ ಫೋನು ಹಿಡಿದು ಕೂತರು. ಸ್ಕೂಟರ್ ಬಿಚ್ಚಿ ಜೋಡಿಸುವ ಮನುಷ್ಯ, ಯಂತ್ರವೆಂದರೆ ತನ್ನ ಮಾತು ಕೇಳಬೇಕು ಎನ್ನುವ ಜಂಬ. ಗುಂಡಿಯನ್ನು ಒತ್ತಿ ಹಿಡಿದಾಗ ಬೆಲ್ಲಿನ ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅತ್ತೆ ಬೆಚ್ಚಿ, "ಯಾರೇ ಅವಳು?" ಎಂದರು.

"ಯಾರೂ ಅಲ್ಲ ಅತ್ತೆ, ಅದು ಮಷಿನ್ನಿನ ದನಿ."

"ದನಿ ಬಂತು ಅಂದ್ಮೇಲೆ ಹಿಂದೆ ಮನುಷ್ಯ ಬರ್ಲೇಬೇಕಲ್ಲ" ಎಂದು ಅವರು ಒಳಗೆ ಹೋಗಿ ಅಕ್ಕಿಗೆ ಇನ್ನೊಂದು ಹಿಡಿ ಹಾಕಿ ಬಂದರು. ಇಂಗ್ಲಿಷ್ ಹೆಂಗಸಿಗೆ ನಮ್ಮ ಸಾರು ಖಾರವಾಗಬಹುದೇನೋ ಎಂದು ತೆಂಗಿನಕಾಯಿಯನ್ನೂ ಸ್ವಲ್ಪ ಜಾಸ್ತಿ ತುರಿದರು.

ಒಂದು ನಿಮಿಷದ ಕೆಲಸ ಸಂಜೆಯವರೆಗೆ ಎಳೆಯಿತು. ಫೋನಿನಲ್ಲಿ ಒಂದು ಕ್ಯೂಆರ್ ಕೋಡು ಮೂಡುತ್ತದೆ, ಅಂಗಡಿಗಳಲ್ಲಿ ಇರುತ್ತದಲ್ಲ, ಅಂಥದ್ದು. ಅದನ್ನು ಬೆಲ್ಲಿನ ಕಣ್ಣಿಗೆ ತೋರಿಸಬೇಕು. ಅದರಲ್ಲಿ ನಮ್ಮ ವೈಫೈಯ ಹೆಸರು, ಪಾಸ್‌ವರ್ಡು ಎಲ್ಲ ಅಡಗಿರುತ್ತದಂತೆ. ಬೆಲ್ಲು ಅದನ್ನು ಓದಿಕೊಂಡು ಪೆಟ್ಟಿಗೆಯ ಜೊತೆ ಸ್ನೇಹ ಬೆಳೆಸಬೇಕು. ಷಡಕ್ಷರಿ ತೋರಿಸಿದರು. ಹತ್ತಿರ ತೋರಿಸಿದರು, ದೂರ ತೋರಿಸಿದರು, ಓರೆಯಾಗಿ ತೋರಿಸಿದರು. ಬೆಲ್ಲು ಓದಲಿಲ್ಲ. ಈರಣ್ಣ ಬಂದು ಸಲಹೆ ಕೊಟ್ಟ. ಷಡಕ್ಷರಿ ಈರಣ್ಣನ ಮೇಲೆ ರೇಗಿದರು. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಾಗ ಆ ಕಡೆಯ ಹುಡುಗಿ ನಮ್ಮ ಪೆಟ್ಟಿಗೆಯಿಂದ ಎರಡು ಹೆಸರಿನ ವೈಫೈ ಬರುತ್ತಿರುವುದಾಗಿಯೂ, ಬೆಲ್ಲಿಗೆ ವೇಗದ್ದು ಆಗಿಬರುವುದಿಲ್ಲ, ನಿಧಾನದ್ದೇ ಬೇಕೆಂದೂ ಹೇಳಿದಳು. "ನಮ್ಮ ನಂಜಿ ಇದ್ದಂಗೆ ಐತಲ್ಲ" ಎಂದು ಅತ್ತೆಗೆ ಆ ಬೆಲ್ಲಿನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ನಿಧಾನದ ಹೆಸರು ಹಾಕಿದೆವು. ಆದರೂ ಓದಲಿಲ್ಲ. ಷಡಕ್ಷರಿ ಸ್ಕ್ರೂಡ್ರೈವರ್ ಬಿಸಾಕಿ, ನಾಳೆ ವಾಪಸ್ ಕಳಿಸುತ್ತೇನೆ ಎಂದು ಹೇಳಿ ಅಂಗಡಿಗೆ ಹೋದರು.

ನನಗೆ ಅಳು ಬರುವಂತಾಯಿತು. ಬೆಲ್ಲು ವಾಪಸ್ ಹೋದರೆ ಬಾಗಿಲು ಎಂದಿನಂತೆ ತೆರೆದೇ ಇರುತ್ತದೆ, ಧೂಳು, ಕೋಳಿ, ಮೇಕೆ, ಎಲ್ಲ ಹಾಗೇ. ಇನ್ನೊಮ್ಮೆ ಕೇಳುವ ಮುಖ ನನಗಿರಲಿಲ್ಲ. ಸುಮ್ಮನೆ ಅದರ ಮುಂದೆ ನಿಂತೆ. ಇಳಿಬಿಸಿಲು ಓರೆಯಾಗಿ ಚೌಕಟ್ಟಿನ ಮೇಲೆ ಬಿದ್ದಿತ್ತು. ಆಗ ಕಂಡಿತು. ಬೆಲ್ಲಿನ ಕಣ್ಣು ಕೆಳಗಿನ ಗುಂಡಿಯಲ್ಲಿಲ್ಲ, ಮೇಲೆ, ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು. ಅತ್ತೆಯ ವಿಭೂತಿಯ ನಡುವಿನ ಪಟ್ಟೆ ಸರಿಯಾಗಿ ಅದರ ಮೇಲೇ ಹಾದುಹೋಗಿ ಒಣಗಿ ಕೂತಿತ್ತು. ಮಧ್ಯಾಹ್ನದಿಂದ ನಾವು ಕಣ್ಣಿಗೆ ಬೂದಿ ಬಳಿಸಿಕೊಂಡವನನ್ನು ಓದು ಓದು ಎಂದು ಪೀಡಿಸಿದ್ದೆವು!

"ಅತ್ತೇ!"

ಅತ್ತೆ ಬಂದು ನೋಡಿದರು. ನಾಲಗೆ ಕಚ್ಚಿಕೊಂಡರು. "ಕಣ್ಣು ಅಲ್ಲೈತೆ ಅಂತ ನಂಗೇನ್ ಗೊತ್ತು? ಕೆಳಗಿರೋದೇ ಕಣ್ಣು ಅಂದ್ಕೊಂಡೆ, ಅದಕ್ಕೇ ಅದನ್ನ ಬಿಟ್ಟು ಬಳಿದೆ" ಎಂದರು. ಆಮೇಲೆ ತಮ್ಮ ಸೆರಗಿನ ತುದಿಗೆ ಬಾಯಿಂದ ಉಸಿರು ಬಿಟ್ಟು, ಮಗುವಿನ ಕಣ್ಣಿನ ಪಿಸುರು ತೆಗೆಯುವಂತೆ ಒರೆಸಿದರು. ಬೇಕೆಂದೇ ಬಳಿದಿದ್ದರೇ ಎಂದು ಒಂದು ಗಳಿಗೆ ನನಗೆ ಅನುಮಾನವಾಗಿದ್ದು ನಿಜ. ಆದರೆ ಬೇಕೆಂದೇ ಬಳಿದವರು ಅಷ್ಟು ಮೆತ್ತಗೆ ಒರೆಸುವುದಿಲ್ಲ. ನಾನು ಫೋನು ತೋರಿಸಿದೆ. ಬೆಲ್ಲು ಕಿಣಿ ಎಂದಿತು. ಒಳಗಿನ ಹೆಂಗಸು ಸಂತೋಷದಿಂದ ಏನೋ ಹೇಳಿದಳು. ನಮ್ಮ ಜಗಲಿ, ನಮ್ಮ ತುಳಸಿಕಟ್ಟೆ, ಅದನ್ನು ಮೇಯುತ್ತಿದ್ದ ಮೇಕೆ, ಎಲ್ಲ ಒಂದೊಂದಾಗಿ ಫೋನಿನಲ್ಲಿ ಮೂಡಿದವು.

ಪರೀಕ್ಷೆ ನೋಡಲು ಬೀದಿಯೇ ನೆರೆಯಿತು. ಎಲ್ಲರ ಕುತೂಹಲವೂ ಒಂದೇ: ಈ ಬೆಲ್ಲಿನ ಸದ್ದು ಎಷ್ಟು ಮೊದಲು ಬರುತ್ತದೆ? ಈರಣ್ಣ ಪಂಚೆ ಸರಿಮಾಡಿಕೊಂಡು ಹೊಸಬನಂತೆ ನಡೆದುಬಂದು ಗುಂಡಿ ಒತ್ತಿದ. ಒತ್ತಿದ ಕೂಡಲೇ ಫೋನು ಹಾಡಿತು. ಜನ ಮೂಗಿನ ಮೇಲೆ ಬೆರಳಿಟ್ಟರು. ಈರಣ್ಣ ಮತ್ತೆ ಒತ್ತಿದ, ಮತ್ತೆ ಅದೇ ಕ್ಷಣಕ್ಕೆ ಹಾಡಿತು. "ಅಲ್ಲಾ, ಸದ್ದೂ ಮನುಷ್ಯಾನೂ ಒಟ್ಟಿಗೇ ಬಂದ್ರೆ ಮನೆಯವ್ರು ಕಾಫಿಗೆ ಇಡೋದ್ ಯಾವಾಗ?" ಎಂದು ಒಬ್ಬಳು ಕೇಳಿದಳು. "ಹಳೇ ಸೀರೆ ಬದಲಾಯಿಸೋದ್ ಯಾವಾಗ?" ಎಂದಳು ಇನ್ನೊಬ್ಬಳು. ಇದೊಂಥರಾ ಮೈಮೇಲೆ ಬೀಳುವ ಯಂತ್ರವೆಂದು ತೀರ್ಮಾನವಾಯಿತು. ಅತ್ತೆ ಯಾವ ಮಾತಿಗೂ ಕಿವಿಗೊಡದೆ ಈರಣ್ಣನನ್ನು ಕರೆದು, "ಈಗ ಒತ್ತಬೇಡ, ಸುಮ್ನೆ ಬಂದು ಕದ ಬಡಿ" ಎಂದರು. ಬಾಗಿಲು ಹಾಕಿಸಿದರು. ಈರಣ್ಣ ಬಡಿದ. ಅವನ ಸದ್ದು ಸ್ವಲ್ಪ ಹೊತ್ತಿನ ಮುಂಚೆಯೇ ಬಂದುಹೋಗಿತ್ತು, ಈಗ ಏನೂ ಕೇಳಿಸಲಿಲ್ಲ. ಆದರೆ ಫೋನಿನಲ್ಲಿ ಅವನ ಕೈ ಎದ್ದು ಬೀಳುವುದು ಸ್ವಚ್ಛವಾಗಿ ಕಂಡಿತು. ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಸರಿ" ಎಂದರು.

ಹಾಗೆ ನಮ್ಮ ಮನೆಯ ಬಾಗಿಲು ಮುಚ್ಚಿತು. ಹಜಾರ ಒಮ್ಮೆಲೇ ಬೇರೆ ಮನೆಯದರಂತೆ ತಣ್ಣಗಾಯಿತು. ನಾನು ಕಿಟಕಿಯ ಬೆಳಕಿಗೆ ಮಷಿನ್ ಎಳೆದುಕೊಂಡು, ಧೂಳಿಲ್ಲದ ನೆಲದ ಮೇಲೆ ರೇಷ್ಮೆ ಹರವಿಕೊಂಡು ಹೊಲಿದೆ. ಆ ಸುಖವನ್ನು ಹೇಳಲಾರೆ. ಆದರೆ ನನ್ನ ಫೋನು ಮಾತ್ರ ಕೈಬಿಟ್ಟುಹೋಯಿತು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆದುರಾಗಿ ಕೂತರೆಂದರೆ ಊಟಕ್ಕೂ ಏಳರು. ಮುಂಚೆ ತೆರೆದ ಬಾಗಿಲಿನಿಂದ ನೋಡುತ್ತಿದ್ದ ಬೀದಿಯನ್ನೇ ಈಗ ಫೋನಿನಲ್ಲಿ ನೋಡುತ್ತಿದ್ದರು. ನನ್ನ ಅಮ್ಮ ಫೋನು ಮಾಡಿದರೆ, "ಆಮೇಲೆ ಮಾಡಿ ಬೀಗಿತ್ತಿ, ಈಗ ಬಾಗಿಲು ನೋಡ್ತಾ ಇದೀನಿ" ಎಂದು ಇಟ್ಟುಬಿಡುತ್ತಿದ್ದರು. ಮಾತಾಡುವ ಗುಂಡಿ ಯಾವುದೆಂದು ತಿಳಿದ ಮೇಲಂತೂ ಮೇಕೆಗೆ ಉಳಿಗಾಲವಿಲ್ಲದಾಯಿತು. ಅದು ತುಳಸಿಯತ್ತ ಕತ್ತು ಚಾಚುವಷ್ಟರಲ್ಲಿ ಗೋಡೆಯೇ, "ಹೋಗೇ ಅತ್ತಾಗೆ, ದರಿದ್ರದ್ದೇ!" ಎಂದು ಗದರುತ್ತಿತ್ತು. ಮೇಕೆ ಹೌಹಾರಿ ಓಡುತ್ತಿತ್ತು.

ನಗುನಗುತ್ತ ಹೇಳುತ್ತಿದ್ದೇನೆ, ಆದರೆ ಅತ್ತೆ ಸೊರಗುತ್ತಿದ್ದರು. ನಡುನಡುವೆ ಎದ್ದುಹೋಗಿ ಬಾಗಿಲು ತೆರೆದು, ಬೀದಿಯ ಎರಡೂ ಕಡೆ ನೋಡಿ, ಮತ್ತೆ ಹಾಕಿ ಬರುತ್ತಿದ್ದರು. "ತೆಗೆದೇ ಬಿಡೋಣ ಅತ್ತೆ, ನಾನು ಒಳಗೆ ಹೊಲೀತೀನಿ" ಎಂದೆ ಒಂದು ದಿನ, ತಡೆಯಲಾರದೆ.

"ಅದಲ್ಲ ಕಣವ್ವ" ಎಂದರು. "ತೆಗೆದಿದ್ರೆ ಅವಳಷ್ಟಕ್ಕೆ ಅವಳು ಒಳಗೆ ಬಂದುಬಿಡ್ತಿದ್ಲು. ನಾನು ಒಲೆ ಮುಂದೆ ಇದ್ರೂ ಬಂದು ಪಕ್ಕದಲ್ಲಿ ಕೂತ್ಕೊಳ್ತಿದ್ಲು. ಹಾಕಿದ್ರೆ ನಾನೇ ಹೋಗಿ ತೆಗೀಬೇಕು. ತೆಗೆದು, ಅವಳ ಮುಖ ನೋಡ್ಬೇಕು." ಅಷ್ಟು ವರ್ಷ ಬಾಗಿಲು ಯಾಕೆ ತೆರೆದಿತ್ತು ಎನ್ನುವುದು ನನಗೆ ಆವತ್ತು ಪೂರ್ತಿ ಅರ್ಥವಾಯಿತು. ನನ್ನ ಕಣ್ಣೂ ತುಂಬಿತು, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಅವಳು ಬಂದಿದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಷಡಕ್ಷರಿ ಅಂಗಡಿಯಲ್ಲಿದ್ದರು. ನಾನು ಒಂದು ತೋಳಿಗೆ ಲೇಸು ಕೂರಿಸುತ್ತಿದ್ದೆ. ಅತ್ತೆ ಮೇಕೆಗೆ ಬೈಯುವುದು ಬಹಳ ಹೊತ್ತಿನಿಂದ ಕೇಳಿಸಿಲ್ಲವಲ್ಲ ಎಂದು ತಲೆಯೆತ್ತಿದೆ. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಲ್ಲಿನಂತೆ ಕೂತಿದ್ದರು. ಎದ್ದುಹೋಗಿ ಅವರ ಹೆಗಲ ಮೇಲಿನಿಂದ ಇಣುಕಿದೆ. ಬಾಗಿಲ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಕುಳ್ಳಗೆ, ದುಂಡಗೆ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಬರುವ ದಾರಿಯಲ್ಲಿ ಎಲ್ಲೋ ಕೊಂಡ ಕೀರೆಸೊಪ್ಪಿನ ಕಟ್ಟು. ಬೆಲ್ಲಿನ ಕಡೆ ಅವಳು ನೋಡಲೂ ಇಲ್ಲ. ಹಾಕಿದ ಕದವನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಮರೆಯಲಾರೆ. ಮೊದಲೇ ಒಮ್ಮೆ ಅದೇ ಕದವನ್ನು ಹಾಗೇ ನೋಡಿದ ಕಣ್ಣುಗಳು. ಸೊಪ್ಪಿನ ಕಟ್ಟನ್ನು ಚೀಲದೊಳಗೆ ತುರುಕಿ, ಕೈಯೆತ್ತಿದಳು. ಉಂಗುರದ ಬೆರಳು ಮೂರು ಸಲ ಬಿತ್ತು, ಆಮೇಲೆ ಅಂಗೈ. ಒಂದಿಷ್ಟೂ ಸದ್ದಿಲ್ಲ. ಆದರೆ ನನ್ನ ಬೆನ್ನಿನ ಮೇಲೆ ಟಕ್, ಟಕ್, ಟಕ್, ಧಬ್ ಎಂದು ಯಾರೋ ಬಡಿದಂತಾಯಿತು.

"ಅತ್ತೆ, ಅವರೇ. ಏಳಿ."

ಅತ್ತೆ ಏಳಲಿಲ್ಲ. ನಂಜವ್ವ ಸ್ವಲ್ಪ ಹೊತ್ತು ಕಾದಳು. ಇನ್ನೊಮ್ಮೆ ಬಡಿಯಲು ಕೈಯೆತ್ತಿ, ಬೇಡವೆಂದು ಇಳಿಸಿದಳು. ಚೀಲವನ್ನು ಸರಿಮಾಡಿಕೊಂಡಳು. ಜಗಲಿಯ ಮೆಟ್ಟಿಲ ಕಡೆ ತಿರುಗಿದಳು. ನಾನು ಬಾಗಿಲಿಗೆ ಓಡಿದೆ, ಚಿಲಕಕ್ಕೆ ಕೈ ಹಾಕಿದೆ.

"ನೀನು ತೆಗೀಬೇಡ!" ಎಂದರು ಅತ್ತೆ, ಮನೆ ನಡುಗುವಂತೆ. ನಾನು ನಿಂತೆ. ಅವರ ಹೆಬ್ಬೆರಳು ಫೋನಿನ ಮೇಲೆ, ಮೇಕೆಯನ್ನು ಬೈದು ಬೈದು ರೂಢಿಯಾದ ಆ ಗುಂಡಿಯ ಮೇಲೆ ಬಿತ್ತು. "ಏ ನಂಜೀ! ಇರೇ. ಬಂದೆ. ಬರ್ತಾ ಇದೀನಿ, ಮಂಡಿ ನೋವು ಕಣೇ. ಎಲ್ಲೂ ಹೋಗ್ಬೇಡ."

ಅತ್ತೆ ಕೈಬಿಟ್ಟ ಫೋನು ಚಾಪೆಯ ಮೇಲೆ ಬಿತ್ತು. ನಾನು ಎತ್ತಿಕೊಂಡು ನೋಡಿದೆ. ಮೆಟ್ಟಿಲ ಅಂಚಿನಲ್ಲಿ ನಂಜವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅತ್ತ ನೋಡಿದಳು, ಇತ್ತ ನೋಡಿದಳು. ಯಾರೂ ಇಲ್ಲ, ದನಿ ಮಾತ್ರ ಬಂದಿದೆ. ಬೇರೆ ಊರಿನವಳಾಗಿದ್ದರೆ ಭೂತವೆಂದು ಓಡಿಬಿಡುತ್ತಿದ್ದಳೇನೋ. ಅವಳು ಈ ಊರಿನ ಹೆಣ್ಣು. ದನಿ ಬಂದ ಮೇಲೆ ಮನುಷ್ಯರು ಬಂದೇ ಬರುತ್ತಾರೆಂದು ಹುಟ್ಟಿನಿಂದ ಬಲ್ಲವಳು. ಹಿಂದಕ್ಕೆ ಬಂದು, ಚೀಲ ಇಳಿಸಿ, ಜಗಲಿಯ ಮೇಲೆ ಕಾಲು ನೀಡಿ ಕೂತಳು. ಕೂತು ಸೊಪ್ಪು ಬಿಡಿಸತೊಡಗಿದಳು.

ಒಳಗೆ ಅತ್ತೆ ಗೋಡೆ ಹಿಡಿದು ಎದ್ದರು. ನಾನು ಕೈ ಕೊಡಲು ಹೋದರೆ ಬೇಡವೆಂದರು. ಕೂದಲು ಸರಿಮಾಡಿಕೊಂಡರು, ಸೆರಗು ಹೊದ್ದರು, ಒಂದೊಂದೇ ಹೆಜ್ಜೆಯಿಟ್ಟು ಹೋದರು. ಅಷ್ಟಗಲ ಹಜಾರ ದಾಟಲು ಅವರಿಗೆ ಎಷ್ಟೊಂದು ಹೊತ್ತು ಹಿಡಿಯಿತು! ಚಿಲಕ ತೆಗೆದರು. ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದರು.

ನಂಜವ್ವ ಸೊಪ್ಪಿನಿಂದ ತಲೆಯೆತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು. ಆಮೇಲೆ ನಂಜವ್ವ ಕೇಳಿದಳು:

"ಪಿಕ್ಚರ್ ಹೆಂಗಿತ್ತೇ ದಾಕ್ಷೀ?"

"ಅರ್ಧಕ್ಕೇ ಎದ್ದು ಓಡಿಬಂದೆ ಕಣೇ" ಎಂದರು ಅತ್ತೆ. "ನೀನು ಹೋಗಿಬಿಟ್ಟಿದ್ದೆ."